ಕುದಿಸಬಾರದ ಕಪ್ಪು

ನಾನು ಮೊಟ್ಟೆ ತಿನ್ನುವವಳಲ್ಲ. ಆದರೂ ಧಾರವಾಡದ ನಮ್ಮ ಓಣಿಯ ಕಿರಾಣಿ ಅಂಗಡಿಯವನಿಗೆ ನನ್ನಷ್ಟು ಕಾಟ ಕೊಡುವ ಮೊಟ್ಟೆ ಗಿರಾಕಿ ಇನ್ನೊಬ್ಬರಿಲ್ಲ. ಸಕ್ಕರೆಗೋ ಸಾಬೂನಿಗೋ ಹೋದವಳು ಮೊಟ್ಟೆಯ ಟ್ರೇ ಕಂಡರೆ ಸುಮ್ಮನಿರಲಾರೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿಯುತ್ತೇನೆ, ಹೆಬ್ಬೆರಳಿನಿಂದ ಸುತ್ತ ಸವರುತ್ತೇನೆ, ಎಲ್ಲಿ ಒರಟು, ಎಲ್ಲಿ ಕೂದಲೆಳೆಯಷ್ಟು ಬಿರುಕು ಎಂದು ನೋಡಿ ಇಟ್ಟುಬಿಡುತ್ತೇನೆ. ಆಮೇಲೆ ಇನ್ನೊಂದು. ಮೊನ್ನೆ ಅವನು ತಡೆಯಲಾರದೆ ಕೇಳಿಯೇ ಬಿಟ್ಟ.

“ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ನೀವು ತತ್ತಿ ತಿನ್ನಂಗಿಲ್ಲ, ಒಯ್ಯಂಗೂ ಇಲ್ಲ. ಮತ್ತ ಬಂದಾಗೊಮ್ಮೆ ಏನ್ ಹುಡುಕ್ತೀರಿ?”

“ಭಾಳ ಛಲೋ ಅದಾವಪಾ ನಿನ್ನ ತತ್ತಿ,” ಎಂದು ಸಕ್ಕರೆ ಇಸಿದುಕೊಂಡು ಬಂದೆ. ಅವನಿಗೆ ಹೇಳಹೊರಟರೆ ಹಾಲೆಂಡಿನಿಂದ ಶುರು ಮಾಡಬೇಕು. ಸಕ್ಕರೆ ಕಟ್ಟುವಷ್ಟು ಹೊತ್ತಿನಲ್ಲಿ ಮುಗಿಯುವ ಮಾತಲ್ಲ ಅದು. ನಿಮಗಾದರೆ ಪುರುಸೊತ್ತು ಇದ್ದೀತು.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ನಮ್ಮವರಿಗೆ ಎನ್ಸ್‌ಕೆಡೆಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತ್ತು. ಯಾವುದೋ ದ್ರವ ಯಾವುದೋ ಪದರಕ್ಕೆ ಅಂಟುತ್ತದೆಯೋ ಇಲ್ಲವೋ ಎಂದು ನೋಡುವ ಕೆಲಸ. ಅಂಟುವುದಿಲ್ಲ ಎಂದು ತಿಳಿಯಲು ನಾಲ್ಕು ವರ್ಷ ಹಿಡಿಯಿತು. ಅವರು ಬೆಳಿಗ್ಗೆ ಸೈಕಲ್ ಹತ್ತಿ ಹೋದರೆ ಬರುವುದು ಕತ್ತಲಾದ ಮೇಲೆ. ಅಲ್ಲಿಯ ಚಳಿಗಾಲದಲ್ಲಿ ಕತ್ತಲಾಗುವುದು ನಾಲ್ಕೂವರೆಗೇ ಆದ್ದರಿಂದ ಇದು ದೂರಲ್ಲ, ಬರೀ ಮಾಹಿತಿ. ನನ್ನ ಕಾಗದಪತ್ರದಲ್ಲಿ ನಾನು ‘ಸಂಗಡ ಬಂದವಳು’ ಎಂದಿತ್ತು. ಸಂಗಡ ಬಂದವಳು ಕೆಲಸ ಮಾಡುವಂತಿಲ್ಲ. ಮೂರನೆಯ ಮಹಡಿಯ ಫ್ಲ್ಯಾಟಿನ ಕಿಟಕಿಯಲ್ಲಿ ನಿಂತು ಮುಚ್ಚಿಹೋದ ಬಟ್ಟೆ ಗಿರಣಿಯ ಚಿಮಣಿ ನೋಡುವುದಕ್ಕೆ ಮಾತ್ರ ಯಾರ ಪರವಾನಗಿಯೂ ಬೇಕಿರಲಿಲ್ಲ.

ಆಗ ನಾನು ಮಾಡುತ್ತಿದ್ದ ಒಂದು ಕೆಲಸ ಹೇಳಿದರೆ ನಗುತ್ತೀರಿ. ಸೂಪರ್‌ಮಾರ್ಕೆಟ್ಟಿನ ಗಲ್ಲೆಯ ಮೇಲೆ ಕೂತ ಹುಡುಗಿ ಪ್ರತಿ ಗಿರಾಕಿಗೂ “ದಾಖ್” ಅನ್ನುತ್ತಿದ್ದಳು, ಡಚ್ಚರ ನಮಸ್ಕಾರ ಅದು. ಬರುವಾಗಲೂ ಅದೇ, ಹೋಗುವಾಗಲೂ ಅದೇ. ಇಡೀ ದಿನದಲ್ಲಿ ನನ್ನ ಮುಖ ನೋಡಿ ಯಾರಾದರೂ ಒಂದು ಮಾತಾಡುತ್ತಿದ್ದರೆ ಅದು ಅಷ್ಟೇ. ಹಾಗಾಗಿ ಬೆಳಿಗ್ಗೆ ಹೋಗಿ ಉಳ್ಳಾಗಡ್ಡಿ ತರುತ್ತಿದ್ದೆ, ಮಧ್ಯಾಹ್ನ ಮತ್ತೆ ಹೋಗಿ ಉಪ್ಪು ತರುತ್ತಿದ್ದೆ. ಒಟ್ಟು ನಾಲ್ಕು ದಾಖ್. ಮನೆಯಲ್ಲಿ ಉಪ್ಪಿನ ಪೊಟ್ಟಣಗಳ ಸಾಲು ಬೆಳೆದದ್ದು ಕಂಡು ನಮ್ಮವರು, “ಏನ, ಉಪ್ಪಿನಕಾಯಿ ಕಾರ್ಖಾನಿ ಹಾಕ್ತೀಯೇನು?” ಎಂದರು. ನಾನು ಕಾರಣ ಹೇಳಲಿಲ್ಲ. ಹೇಳಿದ್ದರೆ ಅವರಿಗೆ ಕೆಟ್ಟದೆನಿಸುತ್ತಿತ್ತು, ಅವರಿಗೆ ಕೆಟ್ಟದೆನಿಸಿದ್ದು ಕಂಡು ನನಗೆ ಅಳು ಬರುತ್ತಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕಸದ ಚೀಲ ಹಿಡಿದು ಬಾಗಿಲು ತೆರೆದೆ. ಹೊರಗಿನ ಉದ್ದ ಪಡಸಾಲೆಯಲ್ಲಿ ಒಂದು ವಾಸನೆ ಬಂತು. ಹುಳಿ ಹುಳಿ, ಮೂಗು ಚುಚ್ಚುವ ವಾಸನೆ, ಅದರ ಹಿಂದೆಯೇ ಬಣ್ಣದ ವಾಸನೆ. ಚೀಲ ಕೈಯಲ್ಲೇ ಉಳಿಯಿತು. ಅದು ಗುಳೇದಗುಡ್ಡದ ನಮ್ಮ ಹಿತ್ತಲಿನ ವಾಸನೆ.

ನಮ್ಮ ಮುತ್ಯಾ, ಅಂದರೆ ಅಜ್ಜ, ರೇಷ್ಮೆ ನೂಲಿಗೆ ಬಣ್ಣ ಹಾಕುವವನು. ಕುಪ್ಪಸದ ಖಣ ನೇಯುವವರೆಲ್ಲ ನಮ್ಮ ಹಿತ್ತಲಿಗೇ ನೂಲಿನ ಲಡಿ ತರುತ್ತಿದ್ದರು. ಮೂರು ಒಲೆ, ಮೂರು ತಾಮ್ರದ ಹಂಡೆ, ಬಣ್ಣಕ್ಕೆ ಹುಳಿ, ಹುಳಿಯ ಹೊಗೆಗೆ ಸದಾ ಕೆಂಪಗಿರುತ್ತಿದ್ದ ಮುತ್ಯಾನ ಕಣ್ಣು. ಲಡಿಯನ್ನು ಕೋಲಿಗೆ ಹಾಕಿ ಹಂಡೆಯಲ್ಲಿ ಮುಳುಗಿಸಿ ಎತ್ತುತ್ತಿದ್ದ, ಮತ್ತೆ ಮುಳುಗಿಸುತ್ತಿದ್ದ. ಒಲೆ ಸ್ವಲ್ಪ ಆರಿದರೂ ನಮಗೆಲ್ಲ ಬೈಗುಳ. “ಕಾವ್ ಕಡಿಮಿ ಆತಂದ್ರ ಬಣ್ಣ ಹತ್ತಂಗಿಲ್ಲ. ಒಂದ ಒಗತಕ್ಕ ಹೋಗ್ತೈತಿ. ಊರಾಗ ನನ್ನ ಮುಖಕ್ಕ ಹೊಡೀತಾರ.” ಎಲ್ಲಕ್ಕಿಂತ ಅವನು ಹೆದರುತ್ತಿದ್ದದ್ದು ಕಪ್ಪಿಗೆ. ಕಪ್ಪು ಮೊಂಡ ಬಣ್ಣ, ಕಾವು ಸಾಲದಿದ್ದರೆ ಕಂದಾಗಿಯೇ ನಿಂತುಬಿಡುತ್ತದೆ. ಬಣ್ಣದ ಕೈಯಲ್ಲೇ ಅವನು ನನ್ನ ಗಲ್ಲ ಹಿಂಡುತ್ತಿದ್ದ. ಒಂದು ಗಲ್ಲ ನೇರಳೆ ಮಾಡಿಕೊಂಡು ಶಾಲೆಗೆ ಹೋದ ದಿನಗಳು ಎಷ್ಟೋ. ನನಗೆ ಅಂಕಗಣಿತ ಬರಲಿಲ್ಲ, ಹಾಡು ಬರಲಿಲ್ಲ, ಆದರೆ ಬಣ್ಣದ ವಿಷಯದಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಅಹಂಕಾರ ಅಂದಿನಿಂದಲೂ ಇದೆ. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದೇ ನನ್ನನ್ನು ಹಳ್ಳಕ್ಕೆ ಕೆಡವಿತು.

ವಾಸನೆ ಬರುತ್ತಿದ್ದದ್ದು ಪಕ್ಕದ ಮನೆಯಿಂದ. ಆ ದೇಶದಲ್ಲಿ ಕಿಟಕಿಗೆ ಪರದೆ ಎಳೆಯುವ ಪದ್ಧತಿ ಕಡಿಮೆ. ಅಡುಗೆಮನೆಯ ಮೇಜಿನ ಮುಂದೆ ಒಬ್ಬ ಮುದುಕಿ ಕೂತಿದ್ದಳು. ತಲೆಯನ್ನು ಓರೆ ಮಾಡಿ ನನ್ನತ್ತ ನೋಡಿದಳು. ಅದು ನನ್ನನ್ನು ನೋಡಿದ್ದೋ, ನನ್ನ ಪಕ್ಕದ ಗೋಡೆಯನ್ನು ನೋಡಿದ್ದೋ ಗೊತ್ತಾಗಲಿಲ್ಲ. ಆಮೇಲೆ ಎದ್ದು ಬಂದು ಬಾಗಿಲು ತೆರೆದಳು. ಡಚ್ಚರ ಮನೆಗೆ ಹೋಗಬೇಕಾದರೆ ವಾರದ ಮುಂಚೆ ಹೇಳಿ, ಡೈರಿಯಲ್ಲಿ ಬರೆಸಿಕೊಂಡು ಹೋಗಬೇಕೆಂದು ನನಗೆ ಯಾರೋ ಕಲಿಸಿದ್ದರು. ಈಕೆ, “ಕಸದ ಚೀಲ ಹೊರಗಿಡು, ನೀನು ಒಳಗೆ ಬಾ,” ಎಂದಳು.

ಹೆಸರು ಓಲ್ಹಾ, ಉಕ್ರೇನಿನವಳು. ಹದಿನೇಳರ ವಯಸ್ಸಿನಲ್ಲಿ, ಯುದ್ಧದ ಕಾಲದಲ್ಲಿ, ಹೊಲದಲ್ಲಿದ್ದವಳನ್ನು ಹಿಡಿದು ರೈಲು ಹತ್ತಿಸಿ ಜರ್ಮನಿಯ ಕಾರ್ಖಾನೆಯ ದುಡಿತಕ್ಕೆ ಒಯ್ದಿದ್ದರು. ಅಲ್ಲಿ ಹಾಗೆಯೇ ಹಿಡಿದು ತಂದಿದ್ದ ಎನ್ಸ್‌ಕೆಡೆಯ ಹುಡುಗನೊಬ್ಬ ಸಿಕ್ಕ. ಯುದ್ಧ ಮುಗಿದ ಮೇಲೆ ಅವನ ಕೈ ಹಿಡಿದು ಅವನ ಊರಿಗೆ ಬಂದಳು. ನನ್ನ ಕಿಟಕಿಗೆ ಕಾಣುತ್ತಿದ್ದ ಆ ಗಿರಣಿಯಲ್ಲೇ ಅದು ಮುಚ್ಚುವವರೆಗೂ ನೂಲು ತೆಗೆದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅಲ್ಲಿಯ ರೀತಿಯಲ್ಲಿ ‘ಮೆವ್ರೌ’, ಅಂದರೆ ಅಮ್ಮಾವರೇ, ಎಂದು ಕರೆಯಬೇಕಿತ್ತು, ನನ್ನ ನಾಲಗೆ ಕೇಳಲಿಲ್ಲ. ಎರಡನೆಯ ದಿನವೇ ಆಯಿ ಎಂದೆ. “ಹಾಗೆಂದರೇನು?” ಎಂದಳು. ಅಜ್ಜಿ ಎಂದೆ. “ಇರಲಿ,” ಎಂದಳು. ಆಕೆಯ ಡಚ್ಚಿಗೆ ಐವತ್ತು ವರ್ಷ, ನನ್ನದಕ್ಕೆ ಐದು ತಿಂಗಳು. ಎರಡೂ ಕುಂಟುತ್ತಿದ್ದರಿಂದ ಜೊತೆಯಾಗಿ ನಡೆಯಲು ಕಷ್ಟವಾಗಲಿಲ್ಲ.

ಮೇಜಿನ ಮೇಲೆ ಗಾಜಿನ ಬಾಟಲಿಗಳಲ್ಲಿ ಹಳದಿ, ಕೆಂಪು, ಕಪ್ಪು ಬಣ್ಣ. ಉರಿಯುವ ಮೇಣದಬತ್ತಿ, ಜೇನುಮೇಣದ ಒಂದು ಉಂಡೆ, ಮತ್ತೆ ಒಂದು ಮೊಟ್ಟೆ. ಬೇಯಿಸದ ಹಸಿ ಮೊಟ್ಟೆ. ತುದಿಗೆ ಹಿತ್ತಾಳೆಯ ಪುಟ್ಟ ಲಾಳಿಕೆ ಕಟ್ಟಿದ ಕಡ್ಡಿಯೊಂದನ್ನು ಆಯಿ ಉರಿಗೆ ಹಿಡಿದು ಕಾಸಿ, ಮೇಣಕ್ಕೆ ಚುಚ್ಚಿ, ಮೊಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದಳು. ಎಳೆಯುವುದೆನ್ನಬಾರದಂತೆ, ಬರೆಯುವುದೆನ್ನಬೇಕಂತೆ. ಪಿಸಂಕಾ ಎಂದು ಅದರ ಹೆಸರು. ಬಿಳಿಯಾಗಿ ಉಳಿಯಬೇಕಾದ ಗೆರೆಗಳನ್ನು ಮೊದಲು ಮೇಣದಲ್ಲಿ ಬರೆದು ಹಳದಿಯಲ್ಲಿ ಅದ್ದಬೇಕು. ಹಳದಿ ಉಳಿಯಬೇಕಾದಲ್ಲಿ ಮತ್ತೆ ಮೇಣ, ಆಮೇಲೆ ಕೆಂಪು. ಕೆಂಪು ಉಳಿಯಬೇಕಾದಲ್ಲಿ ಮೇಣ, ಕೊನೆಗೆ ಕಪ್ಪು. ಅಷ್ಟಾದಾಗ ಮೊಟ್ಟೆ ಮಸಿ ಮೆತ್ತಿದ ಮುದ್ದೆಯಂತೆ ಕಾಣುತ್ತದೆ. ಆಗ ಅದನ್ನು ಉರಿಯ ಪಕ್ಕಕ್ಕೆ ಹಿಡಿದು, ಕರಗಿದ ಮೇಣವನ್ನು ಬಟ್ಟೆಯಿಂದ ಒರೆಸುತ್ತ ಹೋದರೆ ಒಳಗಿದ್ದ ಬಣ್ಣಗಳೆಲ್ಲ ಒಂದೊಂದಾಗಿ ಹೊರಗೆ ಬರುತ್ತವೆ. ಹಳೆಯ ಒಂದನ್ನು ಆಯಿ ನನ್ನ ಅಂಗೈಗಿಟ್ಟಳು. ಜೀವನದಲ್ಲಿ ಮೊದಲ ಸಲ ಮೊಟ್ಟೆ ಮುಟ್ಟಿದೆ. ಗುಳೇದಗುಡ್ಡದಲ್ಲಿ ನಮ್ಮವ್ವನಿಗೆ ಆ ಕ್ಷಣ ಸೀನು ಬಂದಿರಬೇಕು.

ಆಯಿಯ ಕಣ್ಣಿನ ನಡುಭಾಗ ಹೋಗಿತ್ತು. ಎದುರಿಗಿದ್ದದ್ದು ಕಾಣುತ್ತಿರಲಿಲ್ಲ, ಅಂಚಿನಲ್ಲಿದ್ದದ್ದು ಮಸುಕಾಗಿ ಕಾಣುತ್ತಿತ್ತು. ಅದಕ್ಕೇ ಕೋಳಿಯಂತೆ ತಲೆ ಓರೆ ಮಾಡಿ ನೋಡುತ್ತಿದ್ದಳು. ಬರೆಯುತ್ತಿದ್ದದ್ದು ಹೆಚ್ಚಾಗಿ ಬೆರಳಿನಿಂದ. ಮೇಣದ ಗೆರೆ ಉಬ್ಬಿರುತ್ತದಲ್ಲ, ಹೆಬ್ಬೆರಳಿನಿಂದ ಸವರಿ ಎಲ್ಲಿಗೆ ಬಂದೆ ಎಂದು ತಿಳಿಯುತ್ತಿದ್ದಳು. ಆ ಒಂದು ಮೊಟ್ಟೆಯನ್ನು ಜನವರಿಯಿಂದ ಬರೆಯುತ್ತಿದ್ದಳು, ದಿನಕ್ಕೆ ನಾಲ್ಕೈದು ಗೆರೆಯಂತೆ. ಕಾರಣ ಆಕೆಯ ತಂಗಿ ನಾದ್ಯಾ. ಆಯಿಯನ್ನು ಒಯ್ದಾಗ ನಾದ್ಯಾಳಿಗೆ ನಾಲ್ಕು ವರ್ಷ. ಎರಡು ವರ್ಷದಲ್ಲಿ ತಾಯಿ ಹೋದಳು, ಮನೆ ಸುಟ್ಟಿತು, ಮಗು ಯಾರದೋ ಊರಲ್ಲಿ ಬೆಳೆಯಿತು. ತಾಯಿಯ ಮುಖ ಆಕೆಗೆ ನೆನಪಿಲ್ಲ, ತಾಯಿ ಮುಟ್ಟಿದ ಒಂದು ವಸ್ತುವೂ ಉಳಿದಿಲ್ಲ. ಇಷ್ಟು ವರ್ಷ ಪತ್ರದಲ್ಲಷ್ಟೇ ಸಿಗುತ್ತಿದ್ದ, ಈಗ ಅರವತ್ತರ ಆ ತಂಗಿ, ತಮ್ಮ ಈಸ್ಟರ್ ಹಬ್ಬಕ್ಕೆ ಬಸ್ಸಿನಲ್ಲಿ ಬರುವವಳಿದ್ದಳು. ಐವತ್ತು ವರ್ಷಕ್ಕೂ ಮಿಕ್ಕಿದ ಮೇಲೆ.

“ನಮ್ಮಮ್ಮ ಪ್ರತಿ ವರ್ಷ ಬರೆಯುತ್ತಿದ್ದ ಮೊಟ್ಟೆ ಇದು,” ಎಂದಳು ಆಯಿ. “ನನ್ನ ತಲೆಯೊಳಗೆ ಮಾತ್ರ ಇದೆ. ನಾದ್ಯಾಳ ಕೈಗೆ ಕೊಡಬೇಕು. ಮುಂದಿನ ವರ್ಷ ನನಗೆ ಇಷ್ಟೂ ಕಾಣುವುದಿಲ್ಲ.”

ಅಂದಿನಿಂದ ಬೆಳಗಿನ ನನ್ನ ದಾಖ್ ನಿಂತುಹೋಯಿತು. ಉಪ್ಪು ತರುವುದನ್ನು ಬಿಟ್ಟೆ. ಹತ್ತು ಗಂಟೆಗೆ ಆಯಿಯ ಮೇಜಿನ ಮುಂದೆ ಹಾಜರು. ಆಕೆ ಬರೆಯುವಾಗ ಮಾತಿಲ್ಲ, ಆಮೇಲೆ ಕಾಫಿ, ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು. ಆ ವಿಷಯದಲ್ಲಿ ಆಯಿ ಪೂರ್ತಿ ಡಚ್ಚಳಾಗಿದ್ದಳು. ನಾನು ಹಳೆಯ ಮೊಟ್ಟೆಗಳ ಧೂಳು ಒರೆಸುತ್ತಿದ್ದೆ, ಗುಳೇದಗುಡ್ಡದ ಸುದ್ದಿ ಹೇಳುತ್ತಿದ್ದೆ. ಆಕೆಗೆ ಮುತ್ಯಾ ಬಹಳ ಹಿಡಿಸಿದ. “ನೂಲು ಗೊತ್ತಿದ್ದವನು,” ಎನ್ನುತ್ತಿದ್ದಳು.

ಹಬ್ಬಕ್ಕೆ ಹತ್ತು ದಿನವಿತ್ತು. ಆ ಬೆಳಿಗ್ಗೆ ಕಣ್ಣಿನ ತಪಾಸಣೆಗೆ ಒಯ್ಯಲು ಕಾರು ಬೇಗ ಬಂತು. ಆಯಿ ಕೊನೆಯ ಮೇಣದ ಗೆರೆಯನ್ನು ಆಗಷ್ಟೇ ಮುಗಿಸಿದ್ದಳು. ಮೊಟ್ಟೆಯನ್ನು ಕಪ್ಪಿನ ಬಾಟಲಿಯೊಳಗೆ ಇಳಿಸಿ ಕೋಟು ಹಾಕಿಕೊಂಡಳು. “ನೀನು ಇಲ್ಲೇ ಕೂತಿರು. ಸುಮ್ಮನೆ ಬಿಡು. ನಾನು ಬಂದು ತೆಗೆಯುತ್ತೇನೆ,” ಎಂದಳು.

ಸುಮ್ಮನೆ ಬಿಡುವುದು ನಮ್ಮ ವಂಶದಲ್ಲೇ ಬಂದಿಲ್ಲ. ಅರ್ಧ ಗಂಟೆಯ ಮೇಲೆ ಚಮಚದಿಂದ ಎತ್ತಿ ನೋಡಿದೆ. ಕಂದು. ಇನ್ನೊಂದು ಕಾಲು ಗಂಟೆ ಬಿಟ್ಟು ಎತ್ತಿದೆ, ಆಗಲೂ ಕಂದೇ. ಮುತ್ಯಾನ ಮುಖಕ್ಕೆ ಹೊಡೆಯುವಂಥ ಕಪ್ಪು ಅದು. ಮೂರು ತಿಂಗಳ ಶ್ರಮ, ಕೊನೆಯ ಬಣ್ಣ ಹೀಗಾಗಬೇಕೇ? ಪಾಪ, ಆಯಿಗೆ ಕಾಣುವುದೂ ಇಲ್ಲ. ಬಣ್ಣ ಗೊತ್ತಿದ್ದವಳು ನಾನು ಇಲ್ಲಿದ್ದೇನಲ್ಲ! ಮೊಟ್ಟೆಯನ್ನು ತಟ್ಟೆಯಲ್ಲಿಟ್ಟು, ಬಣ್ಣವನ್ನು ಪಾತ್ರೆಗೆ ಸುರಿದು ಒಲೆ ಹೊತ್ತಿಸಿದೆ. ಚೆನ್ನಾಗಿ ಹಬೆ ಏಳುವವರೆಗೆ ಕಾಸಿ, ಉರಿ ಸಣ್ಣ ಮಾಡಿ ಮೊಟ್ಟೆಯನ್ನು ಮೆಲ್ಲಗೆ ಇಳಿಸಿದೆ. ಹುಳಿಯ ಹಬೆ ಮುಖಕ್ಕೆ ಹೊಡೆದು ಕಣ್ಣಲ್ಲಿ ನೀರು ಬಂತು. ಎಷ್ಟು ಸುಖವಾಗಿತ್ತು ಗೊತ್ತೇ? ಹಿತ್ತಲಲ್ಲಿ ನಿಂತ ಹಾಗೇ ಇತ್ತು.

ಕಣ್ಣು ಒರೆಸಿಕೊಂಡು ನೋಡಿದಾಗ ಬಣ್ಣದ ಮೇಲೆ ಸಾರಿನ ತುಪ್ಪದಂತೆ ಮೇಣದ ಹನಿಗಳು ತೇಲುತ್ತಿದ್ದವು. ಎತ್ತಿದೆ. ಮೇಣವೆಲ್ಲ ಬಿಟ್ಟಿತ್ತು. ಬಿಳಿ, ಹಳದಿ, ಕೆಂಪು ಎಲ್ಲದರ ಮೇಲೂ ಕಪ್ಪು ಹತ್ತಿ ಕೂತಿತ್ತು. ಮುತ್ಯಾ ಹೇಳಿದ್ದು ಸರಿಯಾಗಿಯೇ ಇತ್ತು. ಕಾವು ಕೊಟ್ಟರೆ ಕಪ್ಪು ಬಹಳ ಚೆನ್ನಾಗಿ ಹತ್ತುತ್ತದೆ.

ಆಯಿ ಬಂದಾಗ ಮೊಟ್ಟೆ ತಟ್ಟೆಯಲ್ಲಿತ್ತು. ಆಕೆ ಕೋಟು ಸಹ ತೆಗೆಯದೆ ಮೊಟ್ಟೆಯನ್ನು ಕೈಗೆತ್ತಿಕೊಂಡಳು. ಹೆಬ್ಬೆರಳು ನುಣ್ಣಗೆ ಜಾರಿತು. ಒಂದು ಸುತ್ತು ಸವರಿದಳು, ಇನ್ನೊಂದು ಸುತ್ತು ಸವರಿದಳು. ಎಲ್ಲಿಯೂ ಗೆರೆ ಸಿಗಲಿಲ್ಲ.

“ಬಿಸಿ ಮಾಡಿದೆಯಾ?”

“ಹೌದು ಆಯಿ.”

“ಮನೆಗೆ ಹೋಗು.”

ಮರುದಿನ ಆಕೆಯ ಅಡುಗೆಮನೆಯ ಕಿಟಕಿಗೆ ಪರದೆ ಬಿದ್ದಿತ್ತು. ಅದರ ಮರುದಿನವೂ ತೆಗೆಯಲಿಲ್ಲ. ನಮ್ಮವರು ಊಟಕ್ಕೆ ಕೂತಾಗ, “ಆತು ಬಿಡು, ಬೇಕಂತ ಮಾಡೀಯೇನು? ಗೊತ್ತಿಲ್ಲದ ಆಗೇತಿ,” ಎಂದರು. ಹೌದು ಎಂದೆ. ಆದರೆ ಮೇಣ ಕರಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ತಿಂಗಳಿಡೀ ಅದೇ ಮೇಜಿನ ಮುಂದೆ ಕೂತು ಅದು ಕರಗುವುದನ್ನೇ ನೋಡಿದ್ದೆ. ನಾದ್ಯಾ ಬರುತ್ತಾಳೆ, ನಾದ್ಯಾಳಿಗೆ ಇದು ಇಷ್ಟ, ನಾದ್ಯಾ ಇಲ್ಲಿ ಮಲಗುತ್ತಾಳೆ ಎಂದು ಆಯಿ ದಿನವೂ ಹೇಳುವಾಗ ನಾನು ಬೇಕೆಂದೇ ಮಾತನ್ನು ಮುತ್ಯಾನ ಕಡೆಗೆ ತಿರುಗಿಸುತ್ತಿದ್ದದ್ದು ನಿಜ. ಬೇಕೆಂದು ಮಾಡಲಿಲ್ಲ, ಎಲ್ಲಿ ಬೇಕಾದರೂ ಕೈಯೆತ್ತಿ ಹೇಳುತ್ತೇನೆ. ಆದರೂ ಒಲೆ ಹೊತ್ತಿಸಿದ ಕೈ ಪೂರ್ತಿ ಮುತ್ಯಾನದೇ, ಅದರಲ್ಲಿ ನನ್ನ ಪಾಲು ಇರಲೇ ಇಲ್ಲ ಎಂದು ಹೇಳುವ ಧೈರ್ಯ ಇಂದಿಗೂ ಬಂದಿಲ್ಲ.

ಮೂರನೆಯ ದಿನ ಶನಿವಾರ. ಸಂತೆಗೆ ಹೋಗಿ ಮೊಟ್ಟೆಯವನ ಮುಂದೆ ನಿಂತೆ. ಎಲ್ಲ ಕಂದು ಮೊಟ್ಟೆ. ಬಿಳಿಯದು ಬೇಕೆಂದೆ. ಹುಡುಕಿ ಒಂದು ಡಬ್ಬಿ ತೆಗೆದ. ಒಂದೊಂದನ್ನೂ ಬೆಳಕಿಗೆ ಹಿಡಿದು, ಸವರಿ ನೋಡತೊಡಗಿದೆ. ಹಿಂದೆ ಸಾಲು ಬೆಳೆಯಿತು. ಅವನು, “ಮೆವ್ರೌ, ಮರಿ ಮಾಡಿಸುತ್ತೀರಾ?” ಎಂದ, ಸಾಲಿನವರೆಲ್ಲ ನಕ್ಕರು. ಮೂರನ್ನು ಆರಿಸಿ, ಕೋಟಿನ ಜೇಬಿನಲ್ಲಿ ಅಂಗೈಯೊಳಗೇ ಹಿಡಿದುಕೊಂಡು ಬಂದು ಆಯಿಯ ಬಾಗಿಲು ತಟ್ಟಿದೆ.

ತೆರೆದಳು. ಮೂರನ್ನೂ ಸವರಿ ಎರಡನ್ನು ವಾಪಸು ಕೊಟ್ಟಳು. ಆಮೇಲೆ ಹೇಳಿದಳು: “ಮನಸ್ಸಿನಲ್ಲಿ ಸಿಟ್ಟಿಟ್ಟುಕೊಂಡು ಬರೆಯಬಾರದು. ನಮ್ಮಲ್ಲಿ ಹಾಗೆ. ಅದಕ್ಕೇ ಪರದೆ ಹಾಕಿ ಕೂತಿದ್ದೆ. ನನ್ನದು ಇಳಿಯಿತು. ನಿನ್ನದು?”

“ನನಗೇನು ಸಿಟ್ಟು ಆಯಿ?”

ಆಕೆ ತಲೆ ಓರೆ ಮಾಡಿ ಅಂಚಿನಿಂದ ನನ್ನನ್ನು ನೋಡಿದಳು. ನಾನು ಅಲ್ಲೇ ಹೊಸ್ತಿಲಲ್ಲಿ ನಿಂತು ಅತ್ತೆ. ಅಳು ಮುಗಿಯುವವರೆಗೂ ಕಾದು, “ಈಗ ಕೂರು. ನಿನ್ನ ಕಣ್ಣು ಚೆನ್ನಾಗಿವೆ,” ಎಂದಳು.

ಒಂದು ವಾರ ಹಾಗೆ ನಡೆಯಿತು. ಆಯಿ ಹೇಳಿದಳು, ನಾನು ಬರೆದೆ. ಇಲ್ಲಿಂದ ಅಲ್ಲಿಗೆ, ಅಲ್ಲಿ ಸುರುಳಿ, ಸುರುಳಿಯೊಳಗೆ ಮೂರು ಚುಕ್ಕೆ. ನನ್ನ ಬೆರಳು ಎರಡು ಕಡೆ ಸುಟ್ಟಿತು. ನಡುವೆ ಸುತ್ತಿಬರುವ ಒಂದು ಅಲೆಗೆರೆಯಿತ್ತು, ಅದಕ್ಕೆ ಮೊದಲೂ ಇರಬಾರದು ಕೊನೆಯೂ ಇರಬಾರದು. ಕೆಟ್ಟದ್ದೇನಾದರೂ ಅದರೊಳಗೆ ಹೊಕ್ಕರೆ ಹೊರದಾರಿ ಸಿಗದೆ ಸುತ್ತುತ್ತಲೇ ಇರುತ್ತದಂತೆ. ಬರೆದದ್ದನ್ನೆಲ್ಲ ಆಯಿ ಬೆರಳಿನಿಂದ ಓದುತ್ತಿದ್ದಳು. “ಇಲ್ಲಿ ಬಿಟ್ಟುಹೋಗಿದೆ,” ಎನ್ನುತ್ತಿದ್ದಳು. ನನ್ನ ಒಳ್ಳೆಯ ಕಣ್ಣಿಗೆ ಕಾಣದ್ದು ಆಕೆಯ ಬೆರಳಿಗೆ ಸಿಗುತ್ತಿತ್ತು. ಕೊನೆಗೆ ಕಪ್ಪು, ತಣ್ಣಗಿನ ಕಪ್ಪು. ಆ ಎರಡು ಗಂಟೆ ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೆ. ತೆಗೆದಾಗ ಎಂಥ ಕಪ್ಪು! ಗುಳೇದಗುಡ್ಡದವರು ತಮ್ಮ ಲಡಿಯನ್ನು ಪಕ್ಕಕ್ಕಿಟ್ಟು ಹೋಲಿಸಿ ನೋಡುವಂಥ ಕಪ್ಪು.

ನಾದ್ಯಾ ಬಂದಳು. ಎರಡು ಚೀಲ, ದಪ್ಪ ಕೋಟು, ಆಯಿಯದೇ ಮೂಗು. ಅಕ್ಕ ತಂಗಿ ಬಾಗಿಲಲ್ಲಿ ಅಪ್ಪಿಕೊಂಡು ಎಷ್ಟೋ ಹೊತ್ತು ನಿಂತರು. ಆಮೇಲೆ ಆಯಿ ಮೊಟ್ಟೆಯನ್ನು ಆಕೆಯ ಅಂಗೈಗಿಟ್ಟಳು. ನಾದ್ಯಾ ಅಳಲಿಲ್ಲ. ನಡುವಿನ ಅಲೆಗೆರೆಯ ಮೇಲೆ ಬೆರಳಿಟ್ಟು, ಮೊಟ್ಟೆ ತಿರುಗಿಸುತ್ತ ಒಂದು ಸುತ್ತು ಬಂದಳು, ಇನ್ನೊಂದು ಸುತ್ತು ಬಂದಳು, ಏನೋ ಕೇಳಿದಳು. ಆಯಿ ನಗತೊಡಗಿದಳು. ನಗುತ್ತಲೇ ಕುರ್ಚಿಯಲ್ಲಿ ಕುಸಿದು ಅತ್ತಳು. ಸ್ವಲ್ಪ ಸಾವರಿಸಿಕೊಂಡು ನನಗೆ ಡಚ್ಚಿನಲ್ಲಿ ಹೇಳಿದಳು: “ಇದು ಎಲ್ಲಿಂದ ಶುರುವಾಗುತ್ತದೆ ಎಂದು ಕೇಳುತ್ತಿದ್ದಾಳೆ. ನಾಲ್ಕು ವರ್ಷದವಳಿದ್ದಾಗ ಅಮ್ಮನನ್ನು ಹೀಗೇ ಕೇಳುತ್ತಿದ್ದಳು.” ನಾದ್ಯಾ ಬಾಯಿ ತೆರೆದು ಅಕ್ಕನನ್ನೇ ನೋಡುತ್ತಿದ್ದಳು. ತನಗೂ ಒಬ್ಬ ತಾಯಿಯಿದ್ದು, ತಾನು ಆಕೆಯನ್ನು ಪ್ರಶ್ನೆ ಕೇಳಿದ್ದೆ ಎಂಬುದು ಆಕೆಗೆ ಅಂದೇ ತಿಳಿದದ್ದು. ನಾನು ಚಹಾ ಮಾಡಿ ಎರಡು ಕಪ್ಪಿಗೆ ಬಗ್ಗಿಸಿಟ್ಟು ಹೊರಗೆ ಬಂದೆ. ಇಬ್ಬರಿಗೂ ಗೊತ್ತಾಗಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ.

ಮೂರು ವಾರ ಗೋಡೆಯಾಚೆಯಿಂದ ಇಬ್ಬರ ಮಾತು ಕೇಳಿಸುತ್ತಿತ್ತು. ಒಂದು ಅಕ್ಷರ ತಿಳಿಯುತ್ತಿರಲಿಲ್ಲ, ಆದರೂ ಕೆಲಸ ಬಿಟ್ಟು ಕೇಳುತ್ತಿದ್ದೆ. ಆಮೇಲೆ ಆಯಿ ತಾನೂ ತಂಗಿಯ ಜೊತೆ ಹೋಗುವುದಾಗಿ ಹೇಳಿದಳು. “ಬೇಸಿಗೆಗೆ ಮಾತ್ರ,” ಎಂದಳು. ಕಿಟಕಿಯ ಹೂಕುಂಡಗಳನ್ನು, ಅರ್ಧ ಉಳಿದಿದ್ದ ಬಿಸ್ಕತ್ತಿನ ಡಬ್ಬಿಯನ್ನು ನನಗೆ ಕೊಟ್ಟಳು. ಬೇಸಿಗೆಗೆ ಮಾತ್ರ ಹೋಗುವವರು ಬಿಸ್ಕತ್ತು ಕೊಡುವುದಿಲ್ಲ.

ಸ್ಟೇಷನ್ ಮುಂದಿನ ಚೌಕಿನಿಂದ ಬಸ್ಸು. ಬಿಗಿಯಾಗಿ ಅಪ್ಪಿಕೊಂಡು, ನನ್ನ ಮುಖವನ್ನೊಮ್ಮೆ ಹೆಬ್ಬೆರಳಿನಿಂದ ಸವರಿ ಹತ್ತಿದಳು. ಕಿಟಕಿಯ ಪಕ್ಕ ಕೂತಳು, ತಲೆ ಓರೆ ಮಾಡಿ ಹೊರಗೆ ಹುಡುಕಿದಳು. ನಾನು ಕೆಂಪು ಕೋಟು ಹಾಕಿದ್ದೆ. ಹತ್ತು ಮಾರು ಆಚೆ ಇನ್ನೊಬ್ಬ ಹೆಂಗಸು, ಡಚ್ಚಳು, ಆಕೆಯದೂ ಕೆಂಪು ಕೋಟು. ಆಯಿ ಆಕೆಯನ್ನೇ ನಾನೆಂದುಕೊಂಡು ಕೈ ಬೀಸತೊಡಗಿದಳು. ಆ ಹೆಂಗಸು ಮೊದಲು ಹಿಂದೆ ಮುಂದೆ ನೋಡಿದಳು, ಆಮೇಲೆ ನಕ್ಕು ತಾನೂ ಕೈ ಬೀಸಿದಳು. ಆಯಿಯ ಮುಖ ಅರಳಿತು. ನಾನು ಓಡಿಹೋಗಿ ಗಾಜು ಬಡಿಯಬಹುದಿತ್ತು. ಬಡಿದಿದ್ದರೆ ಆಕೆಗೆ ತನ್ನ ತಪ್ಪು ತಿಳಿಯುತ್ತಿತ್ತು. ನಿಂತಲ್ಲೇ ನಿಂತು ನಾನೂ ಕೈ ಬೀಸಿದೆ. ಬಸ್ಸು ತಿರುಗುವವರೆಗೂ ಆಯಿ ಆ ಹೆಂಗಸಿಗೇ ಕೈ ಬೀಸುತ್ತಿದ್ದಳು.

ಸಂಜೆ ನಮ್ಮವರು ಸೈಕಲ್ ನಿಲ್ಲಿಸಿ ಒಳಗೆ ಬಂದರು.

“ಹ್ವಾದ್ರೇನು ಆಯಿ?”

“ಹ್ವಾದ್ರು.”

“ಹೋಗೂ ಮುಂದ ನಿನ್ನ ನೋಡಿ ಕೈ ಮಾಡಿದ್ರಿಲ್ಲೋ?”

“ಹೂನ್ರಿ,” ಎಂದೆ. “ಬಸ್ ತಿರುಗೂತನಾ ಮಾಡಿದ್ರು.”